ಗರಸು

ಮೋಕಾ ರಸ್ತೆಯ ಹೊಸ ಲಾಯ ನೋಡಿ ಬಂದೆ.
ಎತ್ತರದ ತಗಡು, ತಲೆಮೇಲೆ ಫ್ಯಾನು,
ತಿರುವಿದರೆ ನೀರು. ಲದ್ದಿ ಅವರೇ ಬಳೀತಾರೆ.
ತಿಂಗಳಿಗೆ ನಾಲ್ಕು ಸಾವಿರ.
ಗೋಡೆಗೆ ಬರೆಸಿದ್ದಾರೆ:
ಸಂಜೆ ಐದರ ಮೇಲೆ ಮಾಲೀಕರು ಬರಬಾರದು.

ಕೌಲ್ ಬಜಾರಿನ ಮಾಬುಸಾಬನ ಕೊಟ್ಟಿಗೆಯಲ್ಲಿ
ಮೋರಿ ಒಡೆದು ವರ್ಷವಾಯ್ತು, ನೆಲವೆಲ್ಲ ಜೌಗು.
ನವಿಲಿಯ ಹಿಂದಿನ ಎಡಗೊರಸು ನಾರುತ್ತದೆ.
ಲಾಳ ಕಟ್ಟುವ ದಾದಾಪೀರ ಮೂಗು ಮುಚ್ಚಿಕೊಂಡು,
‘ಅಕ್ಕಾ, ಇನ್ನೊಂದು ಮದುವಿ ಸೀಜನ್ನು ಇಲ್ಲೇ ಕಟ್ಟಿದ್ರೆ
ಈ ಕಾಲಿನ ಆಸೆ ಬಿಡು’ ಅಂದ.

ಮಾಬುಸಾಬನಿಗೆ ಎರಡು ಸಲ ಹೇಳಿದೆ.
‘ಆತವಾ, ನಾಳೆ ಗರಸು ಹಾಕಸ್ತೀನಿ.’
ಎರಡು ಸಲವೂ ಅದೇ ನಾಳೆ.

ಆದರೆ ಮೇ ತಿಂಗಳ ನಡುಹಗಲು
ಗುಡ್ಡ ಹೆಂಚಿನ ಹಾಗೆ ಕಾದಾಗ
ತನ್ನ ಲುಂಗಿ ನೆನೆಸಿ ಅವಳ ಬೆನ್ನಿಗೆ ಹೊದಿಸುವವನು ಅವನೇ.
ಬ್ಯಾಂಡಿಗೆ ಬೆದರಿ ಬಂದ ರಾತ್ರಿ
ಕಿವಿಯ ಬುಡ ತಿಕ್ಕುತ್ತ
ಬೀಡಿ ಹಚ್ಚುವುದನ್ನೇ ಮರೆಯುತ್ತಾನೆ.

ಮೊನ್ನೆ ಹೊಸ ಲಾಯದಲ್ಲಿ ಒಂದು ರಾತ್ರಿ ಕಟ್ಟಿಸಿದ್ದೆ.
ಬೆಳಿಗ್ಗೆ ಹೋದರೆ
ಮೈಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ, ಫಳಫಳ.
ಕಾವಲಿನವನು ಹೆಮ್ಮೆಯಿಂದ ನಕ್ಕ.
ನನಗೆ ಗೊತ್ತಾಯಿತು: ರಾತ್ರಿಯಿಡೀ ನಿಂತೇ ಇದ್ದಾಳೆ.
ಮಾಬುಸಾಬನ ಹತ್ತಿರ
ಅವಳ ಪಕ್ಕೆ ಯಾವತ್ತೂ ಕೊಳೆ.

ಇವತ್ತು ಜೀನ್ಸ್ ಕಾರ್ಖಾನೆಯ ಸಂಬಳ ಬಂತು.
ಗೊರಸಿಗೆ ಮೈಲುತುತ್ತ ತಂದೆ.
ಅರ್ಧ ಟ್ರ್ಯಾಕ್ಟರ್ ಗರಸಿಗೆ ಹೇಳಿದ್ದೇನೆ,
ಅವನ ಬಾಗಿಲಿಗೇ ಸುರಿಯಲಿ; ಜಗಳ ಆಮೇಲೆ.

ಹೊಸ ಲಾಯದ ಚೀಟಿ ಇನ್ನೂ ಸೆರಗಿನ ಗಂಟಿನಲ್ಲಿದೆ.
ಮಾಬುಸಾಬನ ಎದುರಿಗೆ ಕೂತು
ಎರಡು ಸಲ ಬಿಚ್ಚಿ, ಎರಡು ಸಲ ಕಟ್ಟಿದೆ.