ಉಡಿದಾರ

ಎಂಟು ಸತ್ತ ಫೋನುಗಳ ಹೊಟ್ಟೆ ಬಗೆದು
ಎಂಟು ಮೋಟಾರು ತೆಗೆದೆ.
ಒಂದೊಂದೂ ಅವರೆಕಾಳಿನಷ್ಟು.
ಯಾರದೋ ತಾಯಿ ಕರೆದಾಗ, ಯಾರದೋ ಚೀಟಿಯವನು ಕರೆದಾಗ
ಯಾರದೋ ಜೇಬಿನಲ್ಲಿ ನಡುಗಿದ್ದವು.
ಈಗ ಎಲ್ಲಕ್ಕೂ ಸೇರಿ ಒಂದೇ ಕೆಲಸ:
ನಾನು ಎತ್ತ ತಿರುಗಿದರೂ
ಉತ್ತರದ ಕಡೆಯದು ಮಾತ್ರ ಮಿಡಿಯಬೇಕು.

ಹಳೇ ಬೆಲ್ಟಿಗೆ ಹೊಲಿದು, ದಿಕ್ಕು ನೋಡುವ ಚಿಪ್ ಕೂರಿಸಿ,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರಿನ ನನ್ನ ಅಂಗಡಿಯಲ್ಲಿ
ಷಟರ್ ಅರ್ಧ ಇಳಿಸಿ ಕಟ್ಟಿಕೊಂಡೆ.

ಅಮ್ಮ ಕೇಳಿದಳು:
‘ಮೂವತ್ತೆಂಟು ವರ್ಷಕ್ಕೆ ಮತ್ತೆ ಉಡಿದಾರ ಯಾಕೋ? ಏನು ಹೇಳ್ತದೆ ಅದು?’
‘ಉತ್ತರ.’
‘ನೀನು ಏನು ಕೇಳ್ದೆ?’

ಮೊದಲ ವಾರ ಕಚಗುಳಿ. ಎರಡನೇ ವಾರ ಕಿರಿಕಿರಿ.
ಆಮೇಲೆ ಒಂದು ದಿನ ನಡುಕ ಕಾಣೆ,
ಬರೀ ಉತ್ತರ ಉಳಿಯಿತು.
ಚಿಂತಾಮಣಿ ಬಸ್ಸಿನಲ್ಲಿ ಬಾಗೇಪಲ್ಲಿ ನನ್ನ ಎಡಪಕ್ಕೆಗೆ ಒರಗಿ ಕೂರುತ್ತಿತ್ತು,
ಬರುವಾಗ ಎದ್ದು ಬಲಕ್ಕೆ ಬರುತ್ತಿತ್ತು.
ತಿರುವಿನಲ್ಲಿ ತಿರುಗಿದ್ದು ಬಸ್ಸಲ್ಲ.
ಕನಸಿಗೂ ಮೂಲೆಗಳು ಬಂದವು;
ಹೋಗಿ ಹನ್ನೊಂದು ವರ್ಷವಾದ ಅಪ್ಪ
ಆಗ್ನೇಯದಿಂದ ನಡೆದು ಬಂದ, ಚಪ್ಪಲಿ ಬಿಟ್ಟ, ಮಾತಾಡಲಿಲ್ಲ.

ಟ್ರಾನ್ಸ್‌ಫಾರ್ಮರ್ ಕೆಳಗೆ ಮಾತ್ರ ಎಂಟಕ್ಕೂ ಜಗಳ.

ಖೈರುನ್ ಅಕ್ಕ ಬಂದದ್ದು ಫೋನ್ ಹಿಡಿದು:
ಲಾಕು ಅವಳ ಬೆರಳನ್ನು ಒಪ್ಪುತ್ತಿಲ್ಲ.
ನ್ಯಾಯಬೆಲೆ ಅಂಗಡಿಯ ಯಂತ್ರವೂ ತಿಂಗಳು ತಿಂಗಳೂ
ಇದು ಖೈರುನ್ನಿಸಾ ಅಲ್ಲ ಅನ್ನುತ್ತದಂತೆ.
ನಲವತ್ತು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆಗಳೆಲ್ಲ ನೂಲಾಗಿ ಹೋಗಿವೆ.
ಈಗ ಬಿಸಿಯೂ ತಿಳಿಯದು; ಬೊಬ್ಬೆ ಕಂಡಾಗಲೇ ಗೊತ್ತಾಗುವುದು.
ಎಳೆ ದಪ್ಪವೋ ತೆಳುವೋ ಅನ್ನುವುದಕ್ಕೆ
ಕೆಳತುಟಿಗೆ ಸೋಕಿಸಿಕೊಳ್ಳುತ್ತಾಳೆ:
‘ಎಂಟು ಗೂಡಿಂದು. ಒಂದು ಕಡಿದೈತೆ.’
ಅದಕ್ಕೆ ಬ್ಯಾಟರಿ ಬೇಡ.

ಬೆಲ್ಟು ಕಟ್ಟಿಕೊಂಡು ಬೆಂಚಿನ ಸುತ್ತ ಎರಡು ಸುತ್ತು ಬಂದಳು, ನಕ್ಕಳು.
‘ಪಡುವಣ ನಂಗೆ ಮೊದಲೇ ಗೊತ್ತು, ದಿನಕ್ಕೈದು ಸಲ. ಇದೇನು ಹೊಸದು?’
ಮಲಗಿ ನೋಡು ಅಂದೆ.
ಅಮ್ಮ ಒಳಗಿನಿಂದಲೇ ಕೂಗಿದಳು,
ಉತ್ತರಕ್ಕೆ ತಲೆ ಹಾಕಬೇಡಮ್ಮಾ!
ಅಷ್ಟರಲ್ಲಿ ಹಾಕಿ ಆಗಿತ್ತು.
ಎಂಟೂ ಸುಮ್ಮನಾದವು.

ಸ್ವಲ್ಪ ಹೊತ್ತು ಕಣ್ಣು ಮುಚ್ಚಿಯೇ ಇದ್ದಳು.
‘ನಮ್ಮೋರನ್ನ ಕೊನೆಗೆ ಹಿಂಗೇ ಮಲಗಿಸೋದು.
ತಲೆ ಉತ್ತರಕ್ಕೆ, ಮುಖ ಪಡುವಣಕ್ಕೆ.
ಅಲ್ಲಿಗೆ ಬಂದ್ಮೇಲೆ ಇದಕ್ಕೂ ಹೇಳೋಕೇನೂ ಇರಲ್ಲ, ನೋಡು.’
ದಕ್ಷಿಣಕ್ಕೆ ತಲೆ ಹಾಕಿದರೂ ಹೀಗೇ ಸುಮ್ಮನಾಗುತ್ತದೆ.
ಅದನ್ನು ನಾನು ಹೇಳಲಿಲ್ಲ.

ಎದ್ದು, ಬೆಲ್ಟು ಬಿಚ್ಚಿ ಕೊಟ್ಟು, ಫೋನಿಗೆ ನಾಲ್ಕಂಕಿಯ ಗುಟ್ಟು ಹಾಕಿಸಿಕೊಂಡು,
ಮೆಟ್ಟಿಲಿಳಿದವಳು ನಿಂತಳು:
‘ಉತ್ತರ ಗಿತ್ತರ ಬೇಡ ನಂಗೆ.
ಸುಡ್ತೈತೆ ಅಂತ ಹೇಳೋದು ಒಂದು ಮಾಡ್ಕೊಡು.’

ಸತ್ತ ಫೋನು ಆ ವಾರ ಒಂದೂ ಬರಲಿಲ್ಲ.
ನನ್ನ ಬೆಲ್ಟಿನಿಂದಲೇ ಒಂದನ್ನು ಕಿತ್ತು
ಅವಳ ಮಣಿಕಟ್ಟಿಗೆ ಹಾಕಿದೆ, ಬೆರಳ ಬುಡದಲ್ಲಿ
ಬಿಸಿ ಅಳೆಯುವ ಸಣ್ಣ ಮಣಿ.
ಮೊದಲ ಸಲ ಮಿಡಿದಾಗ ಕೈ ಎಳೆದುಕೊಂಡು
ಬೇಸಿನ್ನನ್ನೇ ಬೈದಳಂತೆ, ಹಳೇ ಪರಿಚಯದವರನ್ನು ಬೈದ ಹಾಗೆ.

ನನ್ನ ಬೆನ್ನ ಎಡಕ್ಕೆ ಈಗ ಒಂದು ಕಂಡಿ.
ಉತ್ತರ ಅಲ್ಲಿಗೆ ಬಂದಾಗ ಏನೂ ಮಿಡಿಯದು.
ಸರಿ ಮಾಡಬಹುದು, ಡ್ರಾಯರಿನಲ್ಲಿ ಮೋಟಾರುಗಳು ಬಂದು ಬಿದ್ದಿವೆ.
ಮಾಡಿಲ್ಲ.
ಅಲ್ಲಿ ಖಾಲಿ ಅನ್ನಿಸಿದಾಗಲೆಲ್ಲ
ಮಾರುಕಟ್ಟೆ ಹಿಂದಿನ ಓಣಿಯಲ್ಲಿ, ಹುಳುವಿನ ನಾತದ ಹಬೆಯಲ್ಲಿ,
ಒಂದು ಕೈ ನೀರಿನಿಂದ ಆಚೆ ಬಂದಿರಬೇಕು
ಅಂದುಕೊಳ್ಳುತ್ತೇನೆ.