ನಾಲ್ಕನೇ ಜ್ವರ

ಎಂಟನೇ ತರಗತಿ. ಶಿಡ್ಲಘಟ್ಟದಿಂದ ಆಚೆ
ಬಸ್ಸು ತಿರುಗಿಸಿಕೊಳ್ಳುವ ಕಡೆಯ ಊರು.
ನಾನು ಬ್ಯಾಡಗಿ ಕಡೆಯವಳು, ಬಂದು ಇಪ್ಪತ್ತು ದಿನ.
ಬೋರ್ಡಿನ ಮೇಲೆ ಬರೆದೆ:
ಸೂಕ್ತ ಪದ ಆರಿಸಿ ಬಿಟ್ಟ ಸ್ಥಳ ತುಂಬಿರಿ.

ಗೊತ್ತಿಲ್ಲದ ಪದ ಬಂದರೆ ಹೆದರಬೇಡಿ, ಅಂದೆ.
ಹೊಸ ಊರಿಗೆ ಹೋದವರು ಏನು ಮಾಡುತ್ತಾರೆ?
ಬೀಗ ಹಾಕಿದ ಬಾಗಿಲನ್ನೇ ಬಡಿಯುತ್ತ ನಿಲ್ಲುವುದಿಲ್ಲ,
ಪಕ್ಕದ ಮನೆಯವರನ್ನು ಕೇಳುತ್ತಾರೆ.
ಪದಕ್ಕೂ ಅಕ್ಕಪಕ್ಕದವರು ಇರುತ್ತಾರೆ.
ಕಳೆ ಕಿತ್ತಳು ಅಂದರೆ ಹೊಲ,
ಮುಖದಲ್ಲಿ ಕಳೆ ಅಂದರೆ ಮದುವೆ ಗೊತ್ತಾಗಿದೆ,
ಐದರಲ್ಲಿ ಮೂರು ಕಳೆ ಅಂದರೆ ಗಣಿತದ ಮೇಷ್ಟ್ರು.
ನಕ್ಕರು. ಪಾಠ ಇಳಿಯಿತು ಅಂದುಕೊಂಡೆ.

ಸೋಮವಾರ ವೆಂಕಟರತ್ನಳ ಚೀಟಿ,
ಸಾದಿಕನ ಕೈಯಲ್ಲಿ, ನಾಲ್ಕು ಮಡಿಕೆ:
"ನಾಲ್ಕನೇ ಜ್ವರ ಎದ್ದೈತೆ ಮಿಸ್,
ಸೊಪ್ಪು ಹಾಕಬೇಕು. ಒಂದಿನ ರಜೆ ಕೊಡಿ."
ನಾಲ್ಕು ಸಲವೇ! ಎದೆ ಧಸಕ್ಕೆಂದಿತು.
ಆಸ್ಪತ್ರೆಗೆ ತೋರಿಸಿದರೇನೋ? ರಕ್ತ ಪರೀಕ್ಷೆ?
ಸೊಪ್ಪುಸದೆ ನಂಬಿ ಕೂತರೆ ಹೇಗೆ?
ಮೊದಲು ಎಲ್ಲರೂ ಸುಮ್ಮನಿದ್ದರು,
ಆಮೇಲೆ ಕಿಸಕ್ಕೆಂದಿತು ಹಿಂದಿನ ಬೆಂಚು.
"ಜ್ವರ ಹುಳಕ್ಕೆ ಮಿಸ್.
ಪೊರೆ ಬಿಡಕ್ಕೆ ಮುಂಚೆ ತಿನ್ನಲ್ಲ, ಅಲ್ಲಾಡಲ್ಲ,
ತಲೆ ಎತ್ಕೊಂಡು ಹಂಗೇ ಇರ್ತವೆ.
ಎದ್ದ ಮೇಲೆ ನೋಡ್ಬೇಕು ಅವುಗಳ ಹಸಿವು!"

ಚೀಟಿ ಮತ್ತೆ ಓದಿದೆ.
ಸೊಪ್ಪು ಅಲ್ಲೇ ಇತ್ತು, ಜ್ವರದ ಮಗ್ಗುಲಲ್ಲೇ,
'ಹಾಕಬೇಕು' ಅನ್ನುವುದರ ಕೈ ಹಿಡಿದು.
ಕುಡಿಸಬೇಕು ಅಂದಿರಲಿಲ್ಲ ಹುಡುಗಿ, ಅರೆದು ಹಚ್ಚಬೇಕು ಅಂದಿರಲಿಲ್ಲ.
ಪಕ್ಕದ ಮನೆಯವರು ಬಾಗಿಲಲ್ಲೇ ನಿಂತಿದ್ದರು,
ನಾನೇ ಕೇಳಲಿಲ್ಲ.

ವಾರದ ಕೊನೆಗೆ ಉತ್ತರ ತಿದ್ದಲು ಕೂತೆ.
"ಹುಣ್ಣಿಮೆಯ ರಾತ್ರಿ ಅಂಗಳದ ತುಂಬ ______ ."
ಬಿಸಿಲು, ಚಂದ್ರಿಕೆ, ಗುಡುಗು.
ಮೂವತ್ತೊಂದಕ್ಕೆ ಮೂವತ್ತೊಂದೂ ಚಂದ್ರಿಕೆ!
ತನ್ನ ಹೆಸರಿನಲ್ಲೇ ಕೊಂಬು ಮರೆಯುವ ಮುನಿಕುಮಾರ ಕೂಡ.
ಇಷ್ಟು ಸಂಸ್ಕೃತ ಇವರಿಗೆ ಯಾರು ಕಲಿಸಿದರು?
ಅವನನ್ನೇ ಎಬ್ಬಿಸಿ ಕೇಳಿದೆ. ಕೈ ಮೇಲೆತ್ತಿ ತೋರಿಸಿದ:
"ನನಗಿಂತ ಎತ್ತರ ಮಿಸ್. ಬಿದಿರಿಂದು. ಸುತ್ತಿ ಸುತ್ತಿ ಹೆಣೆದಿರ್ತಾರೆ.
ಹಣ್ಣಾದ ಹುಳ ಬಿಡೋದು ಅದರ ಮೇಲೇನೇ.
ಕರೆಂಟು ಹೋದ್ರೂ ಹುಣ್ಣಿಮೇಲಿ ಆಯಬಹುದು."
ಸರಿಯುತ್ತರ. ಪೂರ್ತಿ ಅಂಕ.
ನಾನು ಕೇಳಿದ ಚಂದ್ರಿಕೆ ಅದಲ್ಲ, ಅಷ್ಟೆ;
ಆ ರಾತ್ರಿ ಮಾತ್ರ ಎರಡೂ
ಒಂದೇ ಅಂಗಳದಲ್ಲಿ ಒಂದರ ಮೇಲೊಂದು ಇರುತ್ತವೆ.

ಸಾದಿಕನದು ಒಂದು ತಪ್ಪು.
"ಗೂಡಿನಿಂದ ಮೆಲ್ಲಗೆ ______ ಹೊರಬಂತು."
ಮರಿ ಬರಬೇಕಿತ್ತು. ನೂಲು ಬಂದಿತ್ತು.
ಅವರ ಮನೆಯಲ್ಲಿ ಬೆಳಗಿನ ಐದಕ್ಕೇ ನೀರು ಕುದಿಯುತ್ತದೆ,
ಅವನ ಅಮ್ಮಿಯ ಬೆರಳ ತುದಿಗಳು ಬೆಂದು ಬಿಳಿಚಿವೆ.
ಕೆಂಪು ಪೆನ್ನು ಎತ್ತಿದವಳು ವಾಕ್ಯವನ್ನು ಇನ್ನೊಮ್ಮೆ ಜಾಲಾಡಿದೆ:
ಎಲ್ಲಿದೆ ಇದರಲ್ಲಿ ಹಕ್ಕಿ?
ಹಕ್ಕಿಯನ್ನು ನನ್ನ ತಲೆಯಲ್ಲೇ ಬಿಟ್ಟು ಬಂದಿದ್ದೆ.
ತಪ್ಪು ಗುರುತು ಪ್ರಶ್ನೆಗೆ ಹಾಕಿಕೊಂಡೆ.

ಇವತ್ತು ಮಂಗಳವಾರ. ಎರಡನೇ ಬೆಂಚಿನಲ್ಲಿ
ಮತ್ತೆ ಬಿಟ್ಟ ಸ್ಥಳ. ಚೀಟಿ ಇಲ್ಲ.
ಯಾರನ್ನೂ ಕೇಳಲಿಲ್ಲ.
ಜ್ವರ ಎದ್ದದ್ದು ಹೋದ ಸೋಮವಾರ. ಬೆರಳು ಮಡಿಚಿದೆ: ಎಂಟು.
ಕಿಟಕಿಯಾಚೆ ಲಗೇಜ್ ಆಟೋ ಒಂದು
ಬಿದಿರಿನ ಚಂದ್ರರನ್ನು ಪೇರಿಸಿಕೊಂಡು
ಅವರ ಬೀದಿಯ ಕಡೆಗೇ ತಿರುಗಿತು.
ಹಾಜರಿ ಪುಸ್ತಕದಲ್ಲಿ, ವೆಂಕಟರತ್ನ ಎಂಬ ಹೆಸರಿನೆದುರು,
ಗೈರು ಎಂದು ಬರೆಯಲು ಹೋದ ಕೈ
ಪೆನ್ನು ಇಟ್ಟು ಪೆನ್ಸಿಲ್ ತೆಗೆದುಕೊಂಡಿತು.
ಸಣ್ಣಗೆ ಬರೆದೆ: ಹಣ್ಣು.