ದೋಣಿ ಬಾರದ ಗುರುವಾರ

ಹತ್ತು ಗಂಟೆಗೆ ನೋಲ್ಫಾ ಕರೆಯುತ್ತಾಳೆ.
ಮೊದಲು ಗಾಳಿ ಕೇಳುತ್ತದೆ, ಆಮೇಲೆ ಅವಳು:
"ಡಾಕ್ಟರೇ, ಇವತ್ತೂ ದೋಣಿ ಇಲ್ಲ. ಹನ್ನೊಂದು ಮಕ್ಕಳಿದ್ದಾರೆ.
ಒಬ್ಬಳು ಮೇಜಿನ ಕೆಳಗಿದ್ದಾಳೆ."

ನಾನು ಪ್ವೆರ್ತೊ ಮೊಂಟ್‌ನಲ್ಲಿ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ,
ಗವಸು ತೊಡದ ಎರಡು ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದೇನೆ.
ಇಪ್ಪತ್ತಾರು ವರ್ಷ ಹಲ್ಲು ಹಿಡಿದ ಕೈ.
ಅದಕ್ಕೀಗ ಕೆಲಸವೆಂದರೆ ಒಂದು ಮೌಸ್,
ಮತ್ತೆ ಮಕ್ಕಳಿಗೆ ಕಾಣುವಂತೆ ಬೀಸುವುದು.

ಆಚೆ, ಎಂಟು ಗಂಟೆಯ ಕಡಲು ದಾಟಿದರೆ, ಶಾಲೆಯ ಕೋಣೆ.
ಸೌದೆ ಒಲೆ. ಒಣಗಲು ತೂಗುಬಿಟ್ಟ ಉಣ್ಣೆಯ ಕಾಲುಚೀಲ.
ಗೋಡೆಯ ಮೇಲೆ ನಾನು, ಬಾಗಿಲಿನಷ್ಟು ದೊಡ್ಡ ಮುಖ.
ನೋಲ್ಫಾಳ ಕೈಯಲ್ಲಿ ಪೆನ್ನಿನಷ್ಟು ಸಪೂರ ಕ್ಯಾಮೆರಾ,
ತುದಿಗೆ ಒಂದು ಹನಿ ಬೆಳಕು.
ಹೋದ ವರ್ಷದವರೆಗೆ ಅವಳು ಸಾಲ್ಮನ್ ಕಾರ್ಖಾನೆಯಲ್ಲಿ
ಮೀನಿನ ಮುಳ್ಳು ಕೀಳುತ್ತಿದ್ದಳು.
ಆ ಕೈ ನಡುಗುವುದಿಲ್ಲ.

"ಕಿಂತುರಾಯ್, ಹೊರಗೆ ಬಾ. ನಾನು ಕಚ್ಚೋದಿಲ್ಲ.
ಇಲ್ಲಿಂದ ಹೇಗೆ ಕಚ್ಚಲಿ?"
ಮೇಜಿನ ಕೆಳಗೆ ಯೋಚನೆ ನಡೆಯುತ್ತದೆ.
ನಂತರ ಎರಡು ಜಡೆ.

ಬಾಯಿ ತೆರೆದಳು.
ನನ್ನ ಪರದೆಯ ತುಂಬ ಒಂದೇ ದವಡೆಹಲ್ಲು,
ಎಂಜಲು ಮಿನುಗುವ ದಿನ್ನೆ, ದಿನ್ನೆಗಳ ನಡುವೆ ಕಣಿವೆ,
ಕಣಿವೆಯ ತಳದಲ್ಲಿ ಕಂದುಬಣ್ಣದ ಗುಹೆ.
ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುವ ಮಾತು ಇಲ್ಲಿ ನಡೆಯದು:
ಹಲ್ಲೂ ಇದೆ, ಸಕ್ಕರೆಯೂ ಇದೆ,
ಹಡಗು ಬಂದ ದಿನ ಬಿಸ್ಕತ್ತೇ ಮೊದಲು ಇಳಿಯುತ್ತದೆ.
ಇಳಿಯದವಳು ನಾನು.

"ಸ್ವಲ್ಪ ಎಡಕ್ಕೆ. ಕೆನ್ನೆ ಸರಿಸು. ಹಾಂ, ನಿಲ್ಲಿಸು..."
ನಿಂತದ್ದು ಚಿತ್ರ.
ಗುಡ್ಡದ ಆಂಟೆನಾದ ಮೇಲೆ ಮೋಡ ಕೂತಿತು.
ಕೆನ್ನೆ, ಬೆರಳು, ಬೆಳಕು, ಎಲ್ಲ ಚೌಕ ಚೌಕ.
ಕಾಯುತ್ತೇನೆ. ನನಗೆ ವಾಸನೆ ಬರುವುದಿಲ್ಲ.
ಹುಳುಕಿಗೊಂದು ವಾಸನೆಯಿದೆ, ಹೆದರಿದ ಮಗುವಿನ ಉಸಿರಿಗೆ ಇನ್ನೊಂದು;
ಅರ್ಧ ವಿದ್ಯೆ ನಾನು ಮೂಗಿನಿಂದ ಕಲಿತದ್ದು.
ಈಗ ಬಾಯಿಬಿಟ್ಟು ಕೇಳಬೇಕು:
"ರಾತ್ರಿ ನೋವಿಗೆ ಎಚ್ಚರ ಆಗುತ್ತಾ?"
ಮುರಿದು ಮುರಿದು ಬಂತು ಉತ್ತರ, ಅವಳದೇ ದನಿಯಲ್ಲಿ:
"ತಣ್ಣೀರು... ಕುಡಿದರೆ... ಮಾತ್ರ."

ಸದ್ಯ. ನರ ಮುಟ್ಟಿಲ್ಲ.
ಬೆಳ್ಳಿಯ ಮದ್ದು ಹಚ್ಚು, ನೋಲ್ಫಾ, ಒಂದೇ ಹನಿ, ಒಂದು ನಿಮಿಷ.
ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ಹುಳುಕು ಅಲ್ಲಿಗೇ ನಿಂತೀತು.
ಆದರೆ ಆ ಜಾಗ ಕಪ್ಪಾಗುತ್ತದೆ. ತಿಕ್ಕಿದರೆ ಹೋಗದ ಕಪ್ಪು.
ಇದನ್ನು ಅಮ್ಮನಿಗೆ ಹೇಳಬೇಕು, ಹಚ್ಚುವ ಮೊದಲೇ.

ಅಮ್ಮ ಬಾಗಿಲ ಬಳಿ ಇದ್ದಳು,
ಕಡಲಪಾಚಿ ಹೆಕ್ಕಿ ಬಂದ ಒದ್ದೆ ಬೂಟಿನಲ್ಲಿ.
ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಮೇಲ್ದುಟಿಯನ್ನು ಬೆರಳಿಂದೆತ್ತಿ
ಗೋಡೆಗೆ ತೋರಿಸಿದಳು, ಗೋಡೆಯಲ್ಲಿದ್ದ ನನಗೆ:
ಬರೀ ಒಸಡು, ಈ ಕಡೆಯಿಂದ ಆ ಕಡೆವರೆಗೆ.
ವಯಸ್ಸು ಮೂವತ್ತೊಂದು.
"ಕಪ್ಪಾದರೇನು," ಅಂದಳು. "ಹಚ್ಚಿ."

*

ಮಾರ್ಚ್‌ನಲ್ಲಿ, ಹಡಗುಕಟ್ಟೆಯ ಉದ್ದಕ್ಕೂ
ಆಲೂಗಡ್ಡೆಯ ಚೀಲ ಹಿಡಿದು ನಡೆಯುತ್ತಿದ್ದೆ.
ನಾಯಿಯೊಂದು ಕಡಲಹಕ್ಕಿಯ ಹಿಂದೆ ಓಡಿ ನೀರಿಗೆ ಬಿತ್ತು.
ಯಾವುದೋ ಹುಡುಗಿ ನಕ್ಕಳು, ಬಾಯಿ ಅಷ್ಟಗಲ.
ಮುಖ ಗುರುತಾಗಲಿಲ್ಲ.
ಕೆಳಗೆ, ಎಡಕ್ಕೆ, ಕೊನೆಯಿಂದ ಎರಡನೆಯದರಲ್ಲಿ
ಶಾಯಿಯಂಥ ಒಂದು ಚುಕ್ಕೆ:
ನೋಲ್ಫಾಳ ಕೈಬರಹ.

ಹೆಸರು ಹಿಡಿದು ಕರೆದೆ.
ಅವಳು ನನ್ನ ದನಿ ಹಿಡಿದಳು. ತಿರುಗಿ
ಗೋಡೆಯಷ್ಟೆತ್ತರಕ್ಕೆ ನೋಡಿದಳು, ಅಲ್ಲಿ ನಾನಿರಲಿಲ್ಲ.
ಕಣ್ಣು ಇಳಿಸಿ ಇಳಿಸಿ ನನ್ನಲ್ಲಿಗೆ ತಂದು
"ಇಷ್ಟೇನಾ ನೀವು?" ಅಂದಳು.

ಕೈ ಚಾಚಿದೆ. ಕುಲುಕಿದಳು.
ಅಂಗೈ ಜಿಗುಟು ಜಿಗುಟು. ಮಿಠಾಯಿ.